ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ: ಜಿನೀವಾದ ಸುರಂಗದಿಂದ ಆಸ್ಪತ್ರೆಯ ಕೋಣೆಯವರೆಗೆ

ಕ್ಯಾನ್ಸರ್ ಆಸ್ಪತ್ರೆಗಳಲ್ಲಿರುವ ಲೀನಿಯರ್ ಆಕ್ಸಲರೇಟರ್ ಯಂತ್ರವೂ ಜಿನೀವಾ ಬಳಿಯ ಸರ್ನ್ ಎಂಬ ಕಣ ಭೌತವಿಜ್ಞಾನ ಪ್ರಯೋಗಾಲಯದ ಬೃಹತ್ ಯಂತ್ರವೂ ಕಣಗಳಿಗೆ ವೇಗ ಕೊಡುವ ವೇಗವರ್ಧಕಗಳ ಒಂದೇ ವಂಶಕ್ಕೆ ಸೇರಿದವು ಎಂದು ಹಿಂದಿನ ಸಂಚಿಕೆಯಲ್ಲಿ ಒಂದು ಸಾಲು ಬರೆದಿದ್ದೆ. ಆ ಸಾಲನ್ನು ಹಿಡಿದು ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಮನೆಯಲ್ಲಿ ಕಾಯಿಲೆಯವರನ್ನು ಇಟ್ಟುಕೊಂಡು ಆತಂಕದಿಂದ ಬರೆದವರ ಪತ್ರಕ್ಕೆ ಮೊದಲ ಸ್ಥಾನ ಸಲ್ಲಬೇಕು.

ಪ್ರಶ್ನೆ: ನಮ್ಮ ಅವ್ವನಿಗೆ ಗರ್ಭಕಂಠದ ಕ್ಯಾನ್ಸರ್ ಆಗಿದ್ದು, ಐದು ವಾರ ಕರೆಂಟ್ (ವಿಕಿರಣ ಚಿಕಿತ್ಸೆ) ಕೊಡಿಸಬೇಕೆಂದು ಡಾಕ್ಟರು ಹೇಳಿದ್ದಾರೆ. ಅವ್ವನೊಬ್ಬಳನ್ನೇ ಯಂತ್ರದ ಕೋಣೆಯಲ್ಲಿ ಮಲಗಿಸಿ ಎಲ್ಲರೂ ಹೊರಗೆ ಬಂದು ಬಾಗಿಲು ಹಾಕುತ್ತಾರೆ. ಮನೆಯಲ್ಲಿ ಎರಡು ವರ್ಷದ ನನ್ನ ಮಗು ಅಜ್ಜಿಯ ಮಗ್ಗುಲಲ್ಲೇ ಮಲಗುತ್ತದೆ. ಅವಳ ಮೈಯಿಂದ ಮಗುವಿಗೆ ವಿಕಿರಣ ತಗಲುವುದೇ? ಓಣಿಯವರು ಬೇರೆ ತಟ್ಟೆ, ಬೇರೆ ಹಾಸಿಗೆ ಇಡಿರಿ ಎನ್ನುತ್ತಿದ್ದಾರೆ.
— ಗೃಹಿಣಿ, ಅಫಜಲಪುರ

ಉತ್ತರ: ತಗಲುವುದಿಲ್ಲ. ಮಗು ಅಜ್ಜಿಯ ಮಗ್ಗುಲಲ್ಲಿ ನಿಶ್ಚಿಂತೆಯಿಂದ ಮಲಗಲಿ. ಬೇರೆ ತಟ್ಟೆಯಾಗಲಿ ಬೇರೆ ಹಾಸಿಗೆಯಾಗಲಿ ಬೇಕಿಲ್ಲ. ಈ ಕಾಯಿಲೆಯಲ್ಲಿ ನಿಮ್ಮ ಅವ್ವನಿಗೆ ಔಷಧದಷ್ಟೇ ಬೇಕಾದದ್ದು ಮನೆಯವರ ಸಾಮೀಪ್ಯ. ಇಲ್ಲದ ಭಯಕ್ಕಾಗಿ ಅದನ್ನು ಕಸಿದುಕೊಳ್ಳುವುದು ದೊಡ್ಡ ಅನ್ಯಾಯವಾದೀತು.

ಕಾರಣವನ್ನೂ ತಿಳಿದುಕೊಂಡರೆ ಓಣಿಯವರಿಗೆ ಉತ್ತರ ಕೊಡುವುದು ಸುಲಭವಾಗುತ್ತದೆ. ಲಿನ್ಯಾಕ್ ಎಂದು ಆಸ್ಪತ್ರೆಯವರು ಕರೆಯುವ ಈ ಯಂತ್ರದೊಳಗೆ ಸದಾ ವಿಕಿರಣ ಸೂಸುವ ವಸ್ತು ಯಾವುದೂ ಇಲ್ಲ. ಕಾಯಿಸಿದ ಲೋಹದ ತುಣುಕಿನಿಂದ ಎಲೆಕ್ಟ್ರಾನುಗಳು ಹೊರಡುತ್ತವೆ. ಒಳಗಿನ ಗಾಳಿಯನ್ನೆಲ್ಲ ತೆಗೆದುಹಾಕಿದ ತಾಮ್ರದ ನಳಿಕೆಯೊಂದರಲ್ಲಿ ಮೈಕ್ರೋವೇವ್ ಅಲೆಗಳು ಅವುಗಳನ್ನು ಬೆಳಕಿನ ವೇಗದ ಸಮೀಪಕ್ಕೆ ಒಯ್ಯುತ್ತವೆ. ಕಡೆಗೆ ಅವು ಟಂಗ್‌ಸ್ಟನ್ ಲೋಹದ ಫಲಕಕ್ಕೆ ಬಡಿದಾಗ ಶಕ್ತಿಯುತ ಎಕ್ಸ್-ಕಿರಣಗಳು ಹುಟ್ಟುತ್ತವೆ. ಆ ಕಿರಣಗಳನ್ನು ಟಂಗ್‌ಸ್ಟನ್ನಿನದೇ ತೆಳುವಾದ ಪಟ್ಟಿಗಳ ನಡುವಿನಿಂದ ಹಾಯಿಸಿ, ಗಡ್ಡೆಯ ಆಕಾರಕ್ಕೆ ಸರಿಹೊಂದುವಂತೆ ಮಾಡಿ, ಯಂತ್ರದ ತೋಳು ರೋಗಿಯ ಸುತ್ತ ತಿರುಗುತ್ತಿರುವಾಗ ಬೇರೆ ಬೇರೆ ದಿಕ್ಕುಗಳಿಂದ ಗಡ್ಡೆಯ ಮೇಲೆ ಬೀಳಿಸುತ್ತಾರೆ. ಎಲ್ಲ ದಿಕ್ಕಿನ ಕಿರಣಗಳೂ ಗಡ್ಡೆಯಲ್ಲಿ ಕೂಡುವುದರಿಂದ ಅಲ್ಲಿ ಪೆಟ್ಟು ಹೆಚ್ಚು, ಸುತ್ತಲಿನ ಭಾಗಕ್ಕೆ ಕಡಿಮೆ. ಯಂತ್ರ ನಿಂತ ಕ್ಷಣದಲ್ಲಿ ಎಕ್ಸ್-ಕಿರಣವೂ ನಿಲ್ಲುತ್ತದೆ. ಮೈಯನ್ನು ಹಾಯ್ದುಹೋದ ಕಿರಣ ಮೈಯಲ್ಲಿ ಉಳಿಯುವುದಿಲ್ಲ, ಮೈಯನ್ನು ವಿಕಿರಣಶೀಲವಾಗಿಯೂ ಮಾಡುವುದಿಲ್ಲ.

ಹಾಗಿದ್ದರೆ ಉಳಿದವರೆಲ್ಲ ಏಕೆ ಹೊರಗೆ ಹೋಗುತ್ತಾರೆ? ನಿಮ್ಮ ಅವ್ವನಿಗೆ ಆ ಕಿರಣದಿಂದ ಹಾನಿಗಿಂತ ಪ್ರಯೋಜನ ಹೆಚ್ಚು. ದಿನವಿಡೀ ಒಬ್ಬರ ನಂತರ ಒಬ್ಬರಿಗೆ ಚಿಕಿತ್ಸೆ ನೀಡುವ ಸಿಬ್ಬಂದಿಗೆ ಅದರಿಂದ ಯಾವ ಪ್ರಯೋಜನವೂ ಇಲ್ಲ, ಅಲ್ಲಿಯೇ ನಿಂತರೆ ವರ್ಷಗಟ್ಟಲೆ ಸೇರುವ ಹಾನಿ ಮಾತ್ರ ಉಂಟು. ಅದಕ್ಕಾಗಿಯೇ ಆ ಕೋಣೆಗೆ ಒಂದು ಮೀಟರಿಗೂ ಮಿಕ್ಕ ದಪ್ಪದ ಕಾಂಕ್ರೀಟ್ ಗೋಡೆ ಕಟ್ಟಿರುತ್ತಾರೆ. ಹೊರಗಿನಿಂದ ಕ್ಯಾಮೆರಾದಲ್ಲಿ ಅವರು ಅವ್ವನನ್ನು ನೋಡುತ್ತಲೇ ಇರುತ್ತಾರೆ, ಧ್ವನಿವರ್ಧಕದಲ್ಲಿ ಮಾತನಾಡಲೂ ಬರುತ್ತದೆ. ಇದನ್ನು ಮೊದಲೇ ಅವ್ವನಿಗೆ ಹೇಳಿರಿ; ಕತ್ತಲೆಯ ಕೋಣೆಯಲ್ಲಿ ತನ್ನನ್ನು ಬಿಟ್ಟುಹೋದರೆಂಬ ಅಂಜಿಕೆ ಕಡಿಮೆಯಾಗುತ್ತದೆ.

ಇನ್ನೊಂದು ವಿಷಯವಿದೆ. ಗರ್ಭಕಂಠದ ಕ್ಯಾನ್ಸರಿಗೆ ಹೊರಗಿನ ಚಿಕಿತ್ಸೆ ಮುಗಿದ ಮೇಲೆ ಒಳಗಿನಿಂದಲೂ ವಿಕಿರಣ ಕೊಡುವ ಬ್ರಾಕಿಥೆರಪಿಯನ್ನು ಸಾಮಾನ್ಯವಾಗಿ ಮಾಡುತ್ತಾರೆ. ಅದರಲ್ಲಿ ಹೆಚ್ಚಾಗಿ ಇರಿಡಿಯಂ-192ರ ಪುಟ್ಟ ಮೂಲವೊಂದನ್ನು ಕೆಲವು ನಿಮಿಷ ಒಳಗಿಟ್ಟು ಹೊರತೆಗೆಯುತ್ತಾರೆ. ಮೂಲ ಹೊರಬಂದ ಮೇಲೆ ಅಲ್ಲಿಯೂ ರೋಗಿಯ ಮೈಯಲ್ಲಿ ಏನೂ ಉಳಿದಿರುವುದಿಲ್ಲ. ಮತ್ತೆ ಒಂದು ಮಾತು: ಮಧ್ಯದಲ್ಲಿ ಸುಸ್ತು, ಭೇದಿ, ಮೂತ್ರ ಉರಿ ಕಾಣಿಸಿದರೆ ಊರಿನಲ್ಲೇ ಕುಳಿತು ಚಿಕಿತ್ಸೆ ತಪ್ಪಿಸಬೇಡಿರಿ, ಡಾಕ್ಟರಿಗೆ ಹೇಳಿ ಔಷಧ ಪಡೆದು ಮುಂದುವರಿಸಿರಿ. ನಡುವೆ ದಿನಗಳು ತಪ್ಪಿದರೆ ಗಡ್ಡೆಯ ಜೀವಕೋಶಗಳು ಮತ್ತೆ ಬೆಳೆಯಲು ಅವಕಾಶವಾಗುತ್ತದೆ.

ಪ್ರಶ್ನೆ: ಕಣಗಳಿಗೆ ವೇಗ ಕೊಡುವುದು ಎಂದರೆ ಏನು? ಆಸ್ಪತ್ರೆಯ ಯಂತ್ರ ಒಂದು ಕೋಣೆಯಲ್ಲಿ ಹಿಡಿಯುವುದಾದರೆ ಜಿನೀವಾದ ಯಂತ್ರಕ್ಕೆ 27 ಕಿಲೋಮೀಟರ್ ಉದ್ದದ ಸುರಂಗ ಏಕೆ ಬೇಕು?
— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಸೇಡಂ

ಉತ್ತರ: ನಿಮ್ಮ ಭೌತಶಾಸ್ತ್ರದ ಪಠ್ಯದಲ್ಲಿರುವ ಎರಡು ಸಂಗತಿಗಳು ಸಾಕು. ವಿದ್ಯುದಾವೇಶವಿರುವ ಕಣಕ್ಕೆ ವಿದ್ಯುತ್ ಕ್ಷೇತ್ರ ವೇಗ ಕೊಡುತ್ತದೆ. ಕಾಂತಕ್ಷೇತ್ರ ಅದರ ದಾರಿಯನ್ನು ಬಾಗಿಸುತ್ತದೆ. ಒಂದು ವೋಲ್ಟ್ ಅಂತರವನ್ನು ದಾಟಿದ ಎಲೆಕ್ಟ್ರಾನ್ ಪಡೆಯುವ ಶಕ್ತಿಗೆ ಒಂದು ಎಲೆಕ್ಟ್ರಾನ್ ವೋಲ್ಟ್ ಎನ್ನುತ್ತೇವೆ. ಹೆಚ್ಚು ಶಕ್ತಿ ಬೇಕೆಂದು ವೋಲ್ಟೇಜನ್ನೇ ಏರಿಸುತ್ತ ಹೋದರೆ ಒಂದು ಹಂತದಲ್ಲಿ ಕಿಡಿ ಹಾರಿ ಎಲ್ಲವೂ ಕೆಡುತ್ತದೆ. 1932ರಲ್ಲಿ ಕೇಂಬ್ರಿಜ್‌ನಲ್ಲಿ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ಕೆಲವು ಲಕ್ಷ ವೋಲ್ಟುಗಳಲ್ಲಿ ಪ್ರೋಟಾನುಗಳನ್ನು ಹಾಯಿಸಿ ಲಿಥಿಯಂ ಪರಮಾಣುವಿನ ಬೀಜವನ್ನು ಒಡೆದರು. ಅದೇ ಕಾಲದಲ್ಲಿ ಅಮೆರಿಕದ ಅರ್ನೆಸ್ಟ್ ಲಾರೆನ್ಸ್ ಬೇರೊಂದು ಉಪಾಯ ಹೂಡಿದ್ದರು. ದೊಡ್ಡ ವೋಲ್ಟೇಜಿನ ಒಂದೇ ತಳ್ಳು ಕೊಡುವುದಕ್ಕಿಂತ ಕಣವನ್ನು ಕಾಂತಕ್ಷೇತ್ರದಲ್ಲಿ ವೃತ್ತಾಕಾರವಾಗಿ ಸುತ್ತಿಸಿ, ಪ್ರತಿ ಸುತ್ತಿನಲ್ಲಿಯೂ ಸಣ್ಣ ವೋಲ್ಟೇಜಿನ ತಳ್ಳುಗಳನ್ನು ಕೊಡುವುದು ಆ ಉಪಾಯ. ಪಂಚಮಿಯ ಜೋಕಾಲಿಯನ್ನು ಜೀಕುವಾಗ ತೂಗಿ ಬರುವ ಸಮಯಕ್ಕೆ ಸರಿಯಾಗಿ ಸಣ್ಣದಾಗಿ ತಳ್ಳುತ್ತ ಹೋದರೆ ಅದು ಮರದ ಕೊಂಬೆಯೆತ್ತರಕ್ಕೆ ಏರುತ್ತದಲ್ಲವೇ, ಹಾಗೆಯೇ ಇಲ್ಲಿಯೂ ತಳ್ಳುವ ಬಲಕ್ಕಿಂತ ತಳ್ಳುವ ವೇಳೆ ಮುಖ್ಯ. 1931ರ ಆರಂಭದಲ್ಲಿ ಲಾರೆನ್ಸ್ ಮತ್ತು ಅವರ ವಿದ್ಯಾರ್ಥಿ ಲಿವಿಂಗ್‌ಸ್ಟನ್ ನಡೆಸಿದ ನಾಲ್ಕೂವರೆ ಅಂಗುಲ ಅಗಲದ ಸೈಕ್ಲೋಟ್ರಾನ್ 1,800 ವೋಲ್ಟ್ ಬಳಸಿ ಕಣಗಳಿಗೆ 80,000 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಕೊಟ್ಟಿತು. ಅಂಗೈಯಲ್ಲಿ ಹಿಡಿಯಬಹುದಾಗಿದ್ದ ಯಂತ್ರವದು.

ಆಸ್ಪತ್ರೆಯ ಲಿನ್ಯಾಕಿನಲ್ಲಿ ಎಲೆಕ್ಟ್ರಾನಿನ ಶಕ್ತಿ ಸಾಮಾನ್ಯವಾಗಿ 60 ಲಕ್ಷದಿಂದ 2 ಕೋಟಿ ಎಲೆಕ್ಟ್ರಾನ್ ವೋಲ್ಟ್. ಜಿನೀವಾದ ಲಾರ್ಜ್ ಹ್ಯಾಡ್ರಾನ್ ಕೊಲೈಡರ್‌ನಲ್ಲಿ 2022ರಿಂದ ಪ್ರತಿ ಪ್ರೋಟಾನಿನ ಶಕ್ತಿ 6.8 ಲಕ್ಷ ಕೋಟಿ ಎಲೆಕ್ಟ್ರಾನ್ ವೋಲ್ಟ್. ಅಷ್ಟು ಶಕ್ತಿಯ ಪ್ರೋಟಾನನ್ನು ಬಾಗಿಸುವುದು ಬಹಳ ಕಷ್ಟ. ಅದಕ್ಕಾಗಿ ಅಲ್ಲಿ ತಲಾ 15 ಮೀಟರ್ ಉದ್ದದ 1,232 ಅತಿವಾಹಕ (ವಿದ್ಯುತ್ತಿಗೆ ಅಡ್ಡಿಯೊಡ್ಡದ) ಕಾಂತಗಳನ್ನು ಸಾಲಾಗಿ ಜೋಡಿಸಿ, ದ್ರವ ಹೀಲಿಯಮಿನಿಂದ ಸೊನ್ನೆಗಿಂತ 271 ಡಿಗ್ರಿ ಕೆಳಗೆ ತಣ್ಣಗಿಟ್ಟಿದ್ದಾರೆ. ಇಷ್ಟು ಬಲವಾದ ಕಾಂತಗಳಿದ್ದರೂ ಆ ಪ್ರೋಟಾನುಗಳು ಬಾಗುವುದು ಅತ್ಯಲ್ಪ. ಹೀಗಾಗಿ ವೃತ್ತ 27 ಕಿಲೋಮೀಟರ್ ಆಯಿತು. ಆ ಸುತ್ತನ್ನು ಪ್ರೋಟಾನ್ ಸೆಕೆಂಡಿಗೆ 11 ಸಾವಿರಕ್ಕೂ ಹೆಚ್ಚು ಬಾರಿ ಮುಗಿಸುತ್ತದೆ. ಅದರ ವೇಗ ಬೆಳಕಿನ ವೇಗಕ್ಕಿಂತ ಸೆಕೆಂಡಿಗೆ ಸುಮಾರು ಮೂರು ಮೀಟರ್ ಮಾತ್ರ ಕಡಿಮೆ. ಕಾಂತದ ಬಲ ದುಪ್ಪಟ್ಟಾಗಿದ್ದರೆ ಅದೇ ಶಕ್ತಿಗೆ ಅರ್ಧ ಸುರಂಗ ಸಾಕಾಗುತ್ತಿತ್ತು ಎಂಬುದನ್ನು ನೀವೇ ಸೂತ್ರ ಬರೆದು ಲೆಕ್ಕ ಹಾಕಿ ನೋಡಿರಿ.

ಪ್ರಶ್ನೆ: ನನ್ನ ಪೆಟ್ ಸ್ಕ್ಯಾನಿಗೆ ಹೈದರಾಬಾದಿನಲ್ಲಿ ಇಂಥ ಗಂಟೆಗೇ ಬರಬೇಕೆಂದು ಹೇಳಿದ್ದರು. ಬಸ್ಸು ತಡವಾಗಿ ತಲುಪಿದಾಗ ‘ಔಷಧ ಹಾಳಾಯಿತು’ ಎಂದು ಮರುದಿನ ಬರಹೇಳಿದರು. ಎಂಥ ಔಷಧವಿದು? ಬೀದರಿನಲ್ಲಿಯೇ ಏಕೆ ಕೊಡಬಾರದು?
— ನಿವೃತ್ತ ಶಿಕ್ಷಕರು, ಬೀದರ್

ಉತ್ತರ: ಆ ಔಷಧವೇ ಒಂದು ವೇಗವರ್ಧಕದ ಉತ್ಪನ್ನ. ಮೇಲೆ ಹೇಳಿದ ಲಾರೆನ್ಸರ ಸೈಕ್ಲೋಟ್ರಾನಿನ ವಂಶದ ಚಿಕ್ಕ ಯಂತ್ರವೊಂದರಲ್ಲಿ ಪ್ರೋಟಾನುಗಳಿಗೆ ವೇಗ ಕೊಟ್ಟು, ಆಕ್ಸಿಜನ್-18 ತುಂಬಿದ ವಿಶೇಷ ನೀರಿಗೆ ಬಡಿಸಿದಾಗ ಫ್ಲೋರಿನ್-18 ಹುಟ್ಟುತ್ತದೆ. ಅದನ್ನು ಗ್ಲುಕೋಸಿನಂಥ ಅಣುವಿಗೆ ಜೋಡಿಸಿ ರಕ್ತನಾಳಕ್ಕೆ ಕೊಡುತ್ತಾರೆ. ಬಿಡುವಿಲ್ಲದೆ ಬೆಳೆಯುವ ಕ್ಯಾನ್ಸರ್ ಜೀವಕೋಶಗಳು ಸಕ್ಕರೆಯನ್ನು ಹೆಚ್ಚಾಗಿ ಎಳೆದುಕೊಳ್ಳುವುದರಿಂದ ಫ್ಲೋರಿನ್ ಅಲ್ಲಿಯೇ ಹೆಚ್ಚು ಸೇರುತ್ತದೆ. ಅದು ಹೊರಸೂಸುವ ಪಾಸಿಟ್ರಾನ್ (ಎಲೆಕ್ಟ್ರಾನಿನ ಪ್ರತಿಕಣ) ಹತ್ತಿರದ ಎಲೆಕ್ಟ್ರಾನಿನೊಡನೆ ಕೂಡಿ ಎರಡೂ ಅಳಿದಾಗ, ಎದುರುಬದುರು ದಿಕ್ಕಿಗೆ ಎರಡು ಗಾಮಾ ಕಿರಣಗಳು ಹೊರಡುತ್ತವೆ. ಸ್ಕ್ಯಾನರಿನ ಉಂಗುರ ಆ ಜೋಡಿಗಳನ್ನು ಹಿಡಿದು, ಎಲ್ಲಿಂದ ಬಂದವೆಂದು ಲೆಕ್ಕ ಹಾಕಿ ಚಿತ್ರ ಬಿಡಿಸುತ್ತದೆ.

ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ. ಅಂದರೆ ತಯಾರಾದ ಒಂದು ಗಂಟೆ ಐವತ್ತು ನಿಮಿಷಕ್ಕೆ ಅರ್ಧ, ಮತ್ತಷ್ಟೇ ಹೊತ್ತಿಗೆ ಕಾಲು. ಹೈದರಾಬಾದಿನಂಥ ನಗರದಲ್ಲಿ ತಯಾರಾದದ್ದು ಮೂರು ಗಂಟೆಯಲ್ಲಿ ಬೀದರಿಗೆ ಬಂದರೆ ಉಳಿಯುವುದು ಮೂರರಲ್ಲಿ ಒಂದು ಪಾಲು. ನಾಲ್ಕೂವರೆ ಗಂಟೆ ಹಿಡಿದು ಕಲಬುರಗಿ ತಲುಪಿದರೆ ಐದರಲ್ಲಿ ಒಂದು ಪಾಲಿಗೂ ಕಡಿಮೆ. ಹಾಗೆಂದು ಇದು ಅಸಾಧ್ಯವಲ್ಲ: ಹೊರಡುವಾಗಲೇ ಮೂರು ಪಟ್ಟು ಹೆಚ್ಚು ತುಂಬಿ ಕಳಿಸಿದರೆ ಆಯಿತು, ಸೈಕ್ಲೋಟ್ರಾನ್ ಇಲ್ಲದ ಎಷ್ಟೋ ಊರುಗಳ ಸ್ಕ್ಯಾನರುಗಳು ಹೀಗೆಯೇ ನಡೆಯುತ್ತವೆ. ಆದ್ದರಿಂದ ಬೀದರಿಗೆ ಬೇಕಿರುವುದು ಸೈಕ್ಲೋಟ್ರಾನ್ ಅಲ್ಲ. ಒಂದು ಪೆಟ್ ಸ್ಕ್ಯಾನರ್, ಅದನ್ನು ನಡೆಸುವ ತರಬೇತಾದ ಜನ, ಮತ್ತು ಬೆಳಗಿನ ಜಾವ ಹೊರಟು ಹೊತ್ತಿಗೆ ಸರಿಯಾಗಿ ಬರುವ ಒಂದು ವಾಹನ. ಇದು ಕೈಗೆಟುಕದ ಬೇಡಿಕೆಯೆಂದು ನನಗೆ ಅನಿಸುವುದಿಲ್ಲ. ಕಾಯಿಲೆಯಿಂದ ಬಳಲಿದವರು, ಅದರಲ್ಲಿಯೂ ಸ್ಕ್ಯಾನಿಗಾಗಿ ಉಪವಾಸವಿರುವವರು, ಮೂರು ಗಂಟೆ ಬಸ್ಸಿನಲ್ಲಿ ಕುಳಿತು ಹೋಗಿ, ತಡವಾಯಿತೆಂದು ಹಿಂದಿರುಗುವುದು ಯಾವ ಜಿಲ್ಲೆಯ ಜನರಿಗೂ ಬರಬಾರದು.

ಅಫಜಲಪುರದ ಸೋದರಿಗೆ ಕೊಟ್ಟ ಉತ್ತರಕ್ಕೂ ಇದಕ್ಕೂ ಒಂದು ವ್ಯತ್ಯಾಸವುಂಟು. ಪೆಟ್ ಸ್ಕ್ಯಾನ್ ಮಾಡಿಸಿಕೊಂಡವರ ಮೈಯಲ್ಲಿ ಔಷಧವೇ ಇರುವುದರಿಂದ ಅಂದು ಕೆಲವು ಗಂಟೆ ಗರ್ಭಿಣಿಯರಿಂದ, ಎಳೆಯ ಮಕ್ಕಳಿಂದ ದೂರವಿರಬೇಕು, ನೀರು ಹೆಚ್ಚು ಕುಡಿಯಬೇಕು. ಮರುದಿನದ ಹೊತ್ತಿಗೆ ಅದು ಇಲ್ಲವೆನ್ನುವಷ್ಟು ಕಡಿಮೆಯಾಗಿರುತ್ತದೆ.

ಪ್ರಶ್ನೆ: ನಾವು ತಲೆಮಾರುಗಳಿಂದ ಬಿದರಿ ಕೆಲಸ ಮಾಡುವವರು. ಮನೆಯಲ್ಲಿ ಹಳೆಯ ಹುಕ್ಕಾ ಬುಡವೊಂದಿದೆ. ಅದರ ಎರಕದಲ್ಲಿ ಸತು ಎಷ್ಟು, ತಾಮ್ರ ಎಷ್ಟು, ಬೆಳ್ಳಿ ಎಂಥದು ಎಂದು ತಿಳಿಯುವ ಆಸೆ. ಕೆರೆದು ತುಣುಕು ಕೊಡಬೇಕೆಂದು ಒಬ್ಬರು ಹೇಳಿದರು. ಕೆರೆಯದೆ ತಿಳಿಯುವ ದಾರಿ ಇಲ್ಲವೇ?
— ಬಿದರಿ ಕುಶಲಕರ್ಮಿ, ಬೀದರ್

ಉತ್ತರ: ದಾರಿ ಇದೆ. ನೀವು ಕೆರೆಯಲು ಒಪ್ಪದಿದ್ದದ್ದೂ ಸರಿಯಾಗಿಯೇ ಇದೆ.

ಸುಮಾರು 30 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಪ್ರೋಟಾನುಗಳ ತೆಳುವಾದ ಕಿರಣವನ್ನು ವಸ್ತುವಿನ ಮೇಲೆ ಬೀಳಿಸಿದರೆ, ಅವು ಪರಮಾಣುವಿನ ಒಳಗಿನ ಎಲೆಕ್ಟ್ರಾನೊಂದನ್ನು ಕಿತ್ತುಹಾಕುತ್ತವೆ. ಆ ತೆರವಾದ ಜಾಗಕ್ಕೆ ಹೊರಗಿನ ಎಲೆಕ್ಟ್ರಾನ್ ಇಳಿಯುವಾಗ ಒಂದು ಎಕ್ಸ್-ಕಿರಣ ಹೊರಡುತ್ತದೆ. ಸತುವಿನದಕ್ಕೆ ಒಂದು ಶಕ್ತಿ, ತಾಮ್ರದ್ದಕ್ಕೆ ಇನ್ನೊಂದು, ಬೆಳ್ಳಿಯದಕ್ಕೆ ಮತ್ತೊಂದು. ಅವುಗಳನ್ನು ಅಳೆದರೆ ಯಾವ ಲೋಹ ಎಷ್ಟಿದೆ ಎಂಬುದು ತಿಳಿಯುತ್ತದೆ, ಬಹಳ ಕಡಿಮೆ ಪ್ರಮಾಣದಲ್ಲಿ ಬೆರೆತದ್ದೂ ಸಿಗುತ್ತದೆ. ವಿಜ್ಞಾನಿಗಳು ಇದನ್ನು ಪಿಕ್ಸಿ ವಿಧಾನ ಎನ್ನುತ್ತಾರೆ. ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಇದಕ್ಕಾಗಿಯೇ ಒಂದು ವೇಗವರ್ಧಕವನ್ನು 1980ರ ದಶಕದ ಕೊನೆಯಿಂದ ನಡೆಸುತ್ತಿದ್ದಾರೆ. ಅಲ್ಲಿ ಪ್ರೋಟಾನುಗಳನ್ನು ತೆಳುವಾದ ಕಿಟಕಿಯೊಂದರ ಮೂಲಕ ಗಾಳಿಗೆ ಹೊರತರುವುದರಿಂದ ವಸ್ತುವನ್ನು ನಿರ್ವಾತದ ಪೆಟ್ಟಿಗೆಯೊಳಗೆ ಇಡುವ ಅಗತ್ಯವೂ ಇಲ್ಲ. ನಮ್ಮ ದೇಶದಲ್ಲಿ ಭುವನೇಶ್ವರದ ಭೌತವಿಜ್ಞಾನ ಸಂಸ್ಥೆಯ 30 ಲಕ್ಷ ವೋಲ್ಟಿನ ಪೆಲೆಟ್ರಾನ್ ವೇಗವರ್ಧಕದಲ್ಲಿ ಪುರಾತನ ವಸ್ತುಗಳನ್ನು ಈ ವಿಧಾನದಿಂದ ಪರೀಕ್ಷಿಸಿದ್ದಾರೆ.

ಆದರೆ ಬಿದರಿಯ ವಿಷಯದಲ್ಲಿ ಒಂದು ಎಚ್ಚರ ಬೇಕು. ಇಷ್ಟು ಶಕ್ತಿಯ ಪ್ರೋಟಾನು ಲೋಹದಲ್ಲಿ ಇಳಿಯುವುದು ಕೂದಲೆಳೆಯ ದಪ್ಪಕ್ಕಿಂತ ಹೆಚ್ಚಿಲ್ಲ. ನಿಮಗೆ ಗೊತ್ತಿರುವಂತೆ, ಕೋಟೆಯ ಮಣ್ಣಿಗೆ ನವಸಾಗರ ಕೂಡಿಸಿ ಕುದಿಸಿದ ನೀರಿನಲ್ಲಿ ಅದ್ದಿದಾಗ ಸತುವಿನ ಮೈ ಕಪ್ಪಾಗುತ್ತದೆ, ತಂತಿಯಾಗಿ ಕೂರಿಸಿದ ತಾರಕಶಿಯ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಆ ಕಪ್ಪು ಪದರದ ಮೇಲೆ ಕಿರಣ ಬಿಟ್ಟರೆ ಸಿಗುವುದು ಆ ಪದರದ ಮತ್ತು ಅದಕ್ಕೆ ಅಂಟಿದ ಲೋಹದ ಲೆಕ್ಕವೇ ಹೊರತು ಒಳಗಿನ ಎರಕದ ಶುದ್ಧ ಲೆಕ್ಕವಲ್ಲ. ಆದ್ದರಿಂದ ಬುಡದ ಒಳಮೈಯಲ್ಲಿ ಕಪ್ಪು ಏರದ ಜಾಗವಿದ್ದರೆ ಅಲ್ಲಿಯೇ ಅಳೆಯಿರೆಂದು ಕೇಳಬೇಕು. ಹೆಣೆದ ಬೆಳ್ಳಿಯನ್ನಂತೂ ನೇರವಾಗಿ ಅಳೆಯಬಹುದು. ಅದರಲ್ಲಿ ಬೆರೆತ ಸೀಸ, ಚಿನ್ನ ಮುಂತಾದವುಗಳ ಪ್ರಮಾಣದಿಂದ ಆ ಬೆಳ್ಳಿಯನ್ನು ಬೇರೆ ಕಾಲದ ಬೆಳ್ಳಿಯೊಡನೆ ಹೋಲಿಸಲು ಬರುತ್ತದೆ. ಎರಕದ ಅಂದಾಜು ಮಾತ್ರ ಸಾಕೆಂದಾದರೆ ಇಷ್ಟು ದೂರ ಹೋಗಬೇಕಿಲ್ಲ. ಕೈಯಲ್ಲಿ ಹಿಡಿಯುವ ಎಕ್ಸ್-ರೇ ಫ್ಲೋರೆಸೆನ್ಸ್ ಉಪಕರಣಗಳು ಪುರಾತತ್ವ ಸಂಶೋಧಕರ ಬಳಿ ಇರುತ್ತವೆ. ಅವು ಹೆಚ್ಚು ಅಗ್ಗ, ಆದರೆ ಅತ್ಯಲ್ಪ ಪ್ರಮಾಣದ ಬೆರಕೆಯನ್ನು ಅಷ್ಟು ಸೂಕ್ಷ್ಮವಾಗಿ ಹಿಡಿಯಲಾರವು. ಬೀದರಿನ ಹಳೆಯ ಕೆಲಸಗಳೆಲ್ಲವನ್ನೂ ಒಮ್ಮೆ ಕ್ರಮವಾಗಿ ಹೀಗೆ ಅಳೆದು ದಾಖಲಿಸಿದರೆ ಈಗಿನ ಕುಶಲಕರ್ಮಿಗಳಿಗೇ ಅದರಿಂದ ಲಾಭ. ನಮ್ಮ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಬೇಕಾದ ಕೆಲಸವಿದು.

ಪ್ರಶ್ನೆ: ನಮ್ಮ ಕಡೆಯ ಬೂದಿಹಾಳದ ಬೂದಿದಿಬ್ಬಕ್ಕೆ ಸಾವಿರಾರು ವರ್ಷ ಎನ್ನುತ್ತಾರೆ, ಇಸಾಂಪುರದ ಕಲ್ಲಿನ ಆಯುಧಗಳಿಗೆ ಲಕ್ಷಗಟ್ಟಲೆ ವರ್ಷ ಎನ್ನುತ್ತಾರೆ. ಎರಡೂ ಕಾಲಗಳನ್ನು ವೇಗವರ್ಧಕದಿಂದ ಅಳೆಯಬಹುದೇ?
— ಇತಿಹಾಸ ಉಪನ್ಯಾಸಕರು, ಸುರಪುರ

ಉತ್ತರ: ಬೂದಿಹಾಳದ್ದನ್ನು ಅಳೆಯಬಹುದು, ಇಸಾಂಪುರದ್ದನ್ನು ಕಾರ್ಬನ್ ವಿಧಾನದಿಂದ ಅಳೆಯಲಾಗದು. ಸತ್ತ ಜೀವಿಯಲ್ಲಿ ಕ್ಷಯಿಸುತ್ತ ಹೋಗುವ ಕಾರ್ಬನ್-14ರ ಅರ್ಧಾಯುಷ್ಯ 5,730 ವರ್ಷ. 50 ಸಾವಿರ ವರ್ಷ ದಾಟಿದ ಮೇಲೆ ಅಳೆಯುವಷ್ಟು ಏನೂ ಉಳಿದಿರುವುದಿಲ್ಲ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯನವರು ಅಗೆದು ಅಧ್ಯಯನ ಮಾಡಿದ ಬೂದಿಹಾಳದ ನವಶಿಲಾಯುಗದ ನೆಲೆ, ಅಲ್ಲಿ ದನಗಳ ಸೆಗಣಿ ಸುಟ್ಟು ಬೆಳೆದ ಬೂದಿಯ ದಿಬ್ಬ, ಇದ್ದಿಲು, ಮೂಳೆ, ಇವೆಲ್ಲ ಕಾರ್ಬನ್ ವ್ಯಾಪ್ತಿಯೊಳಗಿನವು.

ಹಳೆಯ ವಿಧಾನದಲ್ಲಿ ಕಾರ್ಬನ್-14 ಪರಮಾಣುಗಳು ಕ್ಷಯಿಸುವವರೆಗೆ ಕಾದು ಎಣಿಸಬೇಕಾಗಿತ್ತು; ಅದಕ್ಕೆ ಗ್ರಾಂಗಟ್ಟಲೆ ಮಾದರಿ ಬೇಕಿತ್ತು. 1977ರಿಂದ ಬೆಳೆದ ಆಕ್ಸಲರೇಟರ್ ಮಾಸ್ ಸ್ಪೆಕ್ಟ್ರೋಮೆಟ್ರಿಯಲ್ಲಿ ಉಳಿದಿರುವ ಪರಮಾಣುಗಳನ್ನೇ ವೇಗಗೊಳಿಸಿ, ಬೇರ್ಪಡಿಸಿ, ಒಂದೊಂದಾಗಿ ಎಣಿಸುತ್ತಾರೆ. ಜೀವಂತ ವಸ್ತುವಿನಲ್ಲಿಯೂ ಲಕ್ಷ ಕೋಟಿ ಕಾರ್ಬನ್ ಪರಮಾಣುಗಳಿಗೆ ಒಂದರಂತೆ ಮಾತ್ರ ಕಾರ್ಬನ್-14 ಇರುತ್ತದೆ, ಜೊತೆಗೆ ಅದೇ ತೂಕದ ನೈಟ್ರೋಜನ್-14 ಎಲ್ಲೆಡೆ ತುಂಬಿದೆ. ನೈಟ್ರೋಜನ್ ಸ್ಥಿರವಾದ ಋಣ ಅಯಾನಾಗಲಾರದು (ಹೆಚ್ಚುವರಿ ಎಲೆಕ್ಟ್ರಾನನ್ನು ಹಿಡಿದಿಟ್ಟುಕೊಳ್ಳಲಾರದು), ಕಾರ್ಬನ್ ಆಗಬಲ್ಲದು ಎಂಬ ಒಂದೇ ಗುಣದ ಬಲದಿಂದ ಈ ಯಂತ್ರಗಳು ಆರಂಭದಲ್ಲಿಯೇ ನೈಟ್ರೋಜನನ್ನು ತೊಲಗಿಸುತ್ತವೆ. ಇಷ್ಟು ಸರಳವಾದ ಸಂಗತಿಯ ಮೇಲೆ ಇಷ್ಟು ದೊಡ್ಡ ವಿಧಾನ ನಿಂತಿದೆ ಎಂಬುದು ಭೌತಶಾಸ್ತ್ರದಲ್ಲಿ ನನಗೆ ಬಹಳ ಪ್ರಿಯವಾದ ವಿಷಯಗಳಲ್ಲೊಂದು. ಒಂದು ಸುಟ್ಟ ಕಾಳಿನಿಂದಲೇ ಕಾಲ ತಿಳಿಯುವುದು ಸಾಧ್ಯವಾದದ್ದು ಇದರಿಂದ. ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಲರೇಟರ್ ಸೆಂಟರ್ ಮತ್ತು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿ ಈ ಸೌಲಭ್ಯವಿದೆ.

ಇಸಾಂಪುರದ ಸುಮಾರು 12 ಲಕ್ಷ ವರ್ಷದ ಕಾಲನಿರ್ಣಯ ನಡೆದದ್ದು ಪ್ರಾಣಿಗಳ ಹಲ್ಲಿನ ಎನಾಮಲ್ ಮೇಲೆ, ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್ ಎಂಬ ಬೇರೊಂದು ವಿಧಾನದಿಂದ. ಅಷ್ಟು ಹಿಂದಕ್ಕೆ ಹೋಗಲು ವೇಗವರ್ಧಕದಲ್ಲಿಯೂ ಒಂದು ದಾರಿಯುಂಟು: ವಿಶ್ವಕಿರಣಗಳಿಂದ ಬೆಣಚುಕಲ್ಲಿನಲ್ಲಿ ಹುಟ್ಟುವ ಬೆರಿಲಿಯಂ-10 ಮತ್ತು ಅಲ್ಯೂಮಿನಿಯಂ-26ನ್ನು ಎಣಿಸುವುದು. ತಮಿಳುನಾಡಿನ ಅತ್ತಿರಂಪಾಕ್ಕಂ ನೆಲೆಗೆ ಶಾಂತಿ ಪಪ್ಪು ಅವರ ತಂಡ 2011ರಲ್ಲಿ ಸುಮಾರು 15 ಲಕ್ಷ ವರ್ಷದ ಪ್ರಾಚೀನತೆಯನ್ನು ಹೇಳಿದ್ದು ಈ ವಿಧಾನವನ್ನೂ ಬಳಸಿ. ಇಸಾಂಪುರದಲ್ಲಿ ಆಯುಧ ಮಾಡಲು ಬಳಸಿದ್ದು ಮುಖ್ಯವಾಗಿ ಸುಣ್ಣಗಲ್ಲಾದ್ದರಿಂದ ಅಲ್ಲಿ ಇದನ್ನು ನೇರವಾಗಿ ಅನ್ವಯಿಸುವುದು ಕಷ್ಟ.

ಪ್ರಶ್ನೆ: ತೊಗರಿಗೆ ಹುಳು ಬೀಳದಂತೆ ಎಲೆಕ್ಟ್ರಾನ್ ಕಿರಣ ಹಾಯಿಸಬಹುದೆಂದು ಕೇಳಿದ್ದೇವೆ. ಮೂಟೆಗಳನ್ನೇ ಯಂತ್ರದೊಳಗೆ ಇಡಬಹುದೇ? ತಿನ್ನುವವರಿಗೆ ತೊಂದರೆಯಿಲ್ಲವೇ?
— ದಾಲ್ ಮಿಲ್ ಮಾಲೀಕರು, ಕಲಬುರಗಿ

ಉತ್ತರ: ತಿನ್ನುವವರಿಗೆ ತೊಂದರೆಯಿಲ್ಲ. ಆಹಾರಕ್ಕೆ ಬಳಸುವ ಎಲೆಕ್ಟ್ರಾನುಗಳ ಶಕ್ತಿ 1 ಕೋಟಿ ಎಲೆಕ್ಟ್ರಾನ್ ವೋಲ್ಟ್ ಮೀರಬಾರದೆಂಬ ನಿಯಮವಿದ್ದು, ಆ ಮಿತಿಯೊಳಗೆ ಕಾಳು ವಿಕಿರಣಶೀಲವಾಗುವುದಿಲ್ಲ. ಮೂಟೆಗಳನ್ನು ಮಾತ್ರ ಹಾಗೆಯೇ ಇಡಲಾಗದು. ಅಷ್ಟು ಶಕ್ತಿಯ ಎಲೆಕ್ಟ್ರಾನೂ ನೀರಿನಷ್ಟು ಸಾಂದ್ರವಾದ ವಸ್ತುವಿನಲ್ಲಿ ಪರಿಣಾಮಕಾರಿಯಾಗಿ ಇಳಿಯುವುದು ಮೂರೂವರೆ ಸೆಂಟಿಮೀಟರಿನ ಆಸುಪಾಸು. ಕಾಳನ್ನು ತೆಳುವಾಗಿ ಬೆಲ್ಟಿನ ಮೇಲೆ ಹರಡಿ ಸಾಗಿಸಬೇಕು, ಇಲ್ಲವೇ ಚಿಕ್ಕ ಪ್ಯಾಕೆಟ್ಟುಗಳಿಗೆ ಎರಡೂ ಬದಿಯಿಂದ ಕಿರಣ ಕೊಡಬೇಕು. ಇಂದೋರಿನ ಹಣ್ಣು-ತರಕಾರಿ ಮಂಡಿಯ ಆವರಣದಲ್ಲಿ ಅಲ್ಲಿನ ರಾಜಾ ರಾಮಣ್ಣ ಸುಧಾರಿತ ತಂತ್ರಜ್ಞಾನ ಕೇಂದ್ರದವರು ಇಂಥ ವೇಗವರ್ಧಕವೊಂದನ್ನು ಸ್ಥಾಪಿಸಿದ್ದಾರೆ. ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯ ಹೊಗೆಗೆ ಹೋಲಿಸಿದರೆ ಇದರ ಗುಣವೆಂದರೆ ಕಾಳಿನಲ್ಲಿ ಯಾವ ರಾಸಾಯನಿಕವೂ ಉಳಿಯುವುದಿಲ್ಲ, ಕಾಳಿನೊಳಗಿನ ಮೊಟ್ಟೆಯೂ ಮರಿಯಾಗುವುದಿಲ್ಲ. ದೋಷವೆಂದರೆ ನಂತರ ಹೊಸದಾಗಿ ಹೊಕ್ಕ ಹುಳುವನ್ನು ಅದು ತಡೆಯದು. ಆದ್ದರಿಂದ ಗಟ್ಟಿಯಾದ ಪ್ಯಾಕಿಂಗ್ ಇಲ್ಲದೆ ಈ ಖರ್ಚು ವ್ಯರ್ಥ. ಭೌಗೋಳಿಕ ಸೂಚಕ ಪಡೆದ ಕಲಬುರಗಿ ತೊಗರಿಯನ್ನು ದೂರದ ಮಾರುಕಟ್ಟೆಗೆ ಪ್ಯಾಕೆಟ್ಟಿನಲ್ಲಿ ಕಳಿಸುವವರು ಸಂಘ ಕಟ್ಟಿಕೊಂಡು ಯೋಚಿಸಬಹುದು. ಒಂದೇ ಮಿಲ್ಲಿಗೆ ಇದು ಹೊರಲಾರದ ಹೊರೆ.

ಪ್ರಶ್ನೆ: ಜಿನೀವಾದ ಯಂತ್ರದಿಂದ ಕಪ್ಪುಕುಳಿ ಹುಟ್ಟಿ ಭೂಮಿಯನ್ನೇ ನುಂಗುತ್ತದೆ ಎಂದು 2008ರಲ್ಲಿ ಟಿವಿಯಲ್ಲಿ ನೋಡಿ ಹೆದರಿದ್ದೆವು. ಆ ಭಯ ಹೋಗಲಿ. ಆಸ್ಪತ್ರೆಯೇ ದೂರವಿರುವ ನಮ್ಮಂಥ ಜಿಲ್ಲೆಗಳಿರುವ ದೇಶ ಇಂಥ ಪ್ರಯೋಗಗಳಿಗೆ ಹಣ ಕೊಡುವುದು ಸರಿಯೇ?
— ಬ್ಯಾಂಕ್ ಉದ್ಯೋಗಿ, ಯಾದಗಿರಿ

ಉತ್ತರ: ಭಯದ ಮಾತನ್ನು ಬೇಗ ಮುಗಿಸಬಹುದು. ಆ ಯಂತ್ರದಲ್ಲಿ ನಡೆಯುವುದಕ್ಕಿಂತ ಎಷ್ಟೋ ಪಟ್ಟು ಬಲವಾದ ಡಿಕ್ಕಿಗಳು ವಿಶ್ವಕಿರಣಗಳಿಂದ ಭೂಮಿಯ ವಾತಾವರಣದಲ್ಲಿ ಕೋಟ್ಯಂತರ ವರ್ಷಗಳಿಂದ ನಡೆಯುತ್ತಿವೆ. ಭೂಮಿ, ಸೂರ್ಯ, ನಕ್ಷತ್ರಗಳು ಎಲ್ಲವೂ ಉಳಿದಿವೆ. 2008ರ ಸೆಪ್ಟೆಂಬರಿನಲ್ಲಿ ಯಂತ್ರ ನಿಂತದ್ದು ವಿದ್ಯುತ್ ಜೋಡಣೆಯೊಂದು ಕೆಟ್ಟು ಹೀಲಿಯಂ ಸೋರಿದ್ದರಿಂದ. ದುರಸ್ತಿಗೆ ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ನಂತರ 2012ರ ಜುಲೈ 4ರಂದು ಅಲ್ಲಿಂದಲೇ, ಮೂಲಕಣಗಳಿಗೆ ದ್ರವ್ಯರಾಶಿ ಬರುವುದಕ್ಕೆ ಸಂಬಂಧಿಸಿದ ಹಿಗ್ಸ್ ಬೋಸಾನ್ ಕಣದ ಸುದ್ದಿ ಬಂತು.

ನಿಮ್ಮ ಎರಡನೆಯ ಪ್ರಶ್ನೆ ಗಂಭೀರವಾದದ್ದು, ಅದನ್ನು ದೇಶದ್ರೋಹದ ಪ್ರಶ್ನೆಯಂತೆ ಯಾರೂ ತಳ್ಳಿಹಾಕಬಾರದು. ಭಾರತ 2017ರಿಂದ ಸರ್ನ್‌ನ ಸಹಸದಸ್ಯ ರಾಷ್ಟ್ರ. ಅದಕ್ಕೆ ಮೊದಲೇ ನಮ್ಮ ದೇಶದಲ್ಲಿ ತಯಾರಾದ ಸಾವಿರಾರು ಸೂಕ್ಷ್ಮ ಜಾಕ್‌ಗಳ ಮೇಲೆ ಆ ಸುರಂಗದ ಭಾರಿ ಕಾಂತಗಳು ಕುಳಿತಿವೆ, ನಮ್ಮ ಅತಿವಾಹಕ ತಿದ್ದುಕಾಂತಗಳೂ ಅಲ್ಲಿವೆ. ಕೂದಲೆಳೆಗಿಂತ ಕಡಿಮೆ ಅಂತರವನ್ನು ಸರಿಪಡಿಸುವ ಕೆಲಸವನ್ನು ಇಲ್ಲಿನ ಕಾರ್ಖಾನೆಗಳು ಕಲಿತವು. ಜಗತ್ತಿನಲ್ಲಿ ಇಂದು 30 ಸಾವಿರಕ್ಕೂ ಹೆಚ್ಚು ವೇಗವರ್ಧಕಗಳಿದ್ದು, ಬರಿಯ ಮೂಲಭೂತ ಸಂಶೋಧನೆಗೆ ಮೀಸಲಾದವು ಅದರಲ್ಲಿ ಸಣ್ಣ ಪಾಲು. ಉಳಿದವು ಆಸ್ಪತ್ರೆಗಳಲ್ಲಿ, ಚಿಪ್ ತಯಾರಿಕೆಯಲ್ಲಿ, ತಂತಿಯ ಹೊದಿಕೆಯನ್ನು ಗಟ್ಟಿಗೊಳಿಸುವಲ್ಲಿ, ಬಂದರುಗಳ ಕಂಟೇನರ್ ತಪಾಸಣೆಯಲ್ಲಿ ದುಡಿಯುತ್ತಿವೆ. ಆದರೆ ಅವುಗಳ ಮೂಲ ಮಾದರಿಗಳನ್ನು ಕಟ್ಟಿದವರು ಪರಮಾಣುವಿನೊಳಗೆ ಏನಿದೆ ಎಂದು ತಿಳಿಯಬಯಸಿದವರು. ಲಾರೆನ್ಸ್ ಪರಮಾಣುವಿನ ಬೀಜದೊಳಗೆ ಹುಡುಕುತ್ತಿದ್ದ ದಿನಗಳಲ್ಲಿಯೇ, 1930ರ ದಶಕದ ಕೊನೆಯಲ್ಲಿ, ಅವರ ತಾಯಿಗೆ ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದ ಕ್ಯಾನ್ಸರ್ ಇದೆಯೆಂದು ವೈದ್ಯರು ಕೈಚೆಲ್ಲಿದ್ದರು. ಅವರ ಪ್ರಯೋಗಾಲಯದ ಸಂಶೋಧನೆಯಿಂದ ಬಂದ ಹತ್ತು ಲಕ್ಷ ವೋಲ್ಟಿನ ಎಕ್ಸ್-ರೇ ಯಂತ್ರದಲ್ಲಿ ಚಿಕಿತ್ಸೆ ಪಡೆದ ಆ ತಾಯಿ ಮತ್ತೆ ಹಲವು ವರ್ಷ ಬದುಕಿದರು. ಎರಡನೆಯ ಮಹಾಯುದ್ಧದ ರೇಡಾರಿಗಾಗಿ ಬೆಳೆದ ಮೈಕ್ರೋವೇವ್ ತಂತ್ರ ಬಳಸಿ ರೋಗಿಗಳಿಗೆ ಚಿಕಿತ್ಸೆ ಕೊಡುವ ಲಿನ್ಯಾಕ್ 1953ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಕೆಲಸಕ್ಕೆ ತೊಡಗಿತು. ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮಿನ ರಚನೆಗಾಗಿ 2009ರಲ್ಲಿ ನೊಬೆಲ್ ಪಡೆದ ವೆಂಕಟರಾಮನ್ ರಾಮಕೃಷ್ಣನ್ ಅವರ ಕೆಲಸ ನಿಂತಿದ್ದು ಎಲೆಕ್ಟ್ರಾನುಗಳನ್ನು ಉಂಗುರದಲ್ಲಿ ಸುತ್ತಿಸುವ ಸಿಂಕ್ರೋಟ್ರಾನ್ ವೇಗವರ್ಧಕಗಳ ಎಕ್ಸ್-ಕಿರಣದ ಮೇಲೆ. ಇಂದೋರಿನ ಇಂಡಸ್-2 ಅಂಥ ಯಂತ್ರವೇ.

ಆದರೂ ಲಾಭದ ಪಟ್ಟಿ ಕೊಟ್ಟು ನಿಮ್ಮ ಬಾಯಿ ಮುಚ್ಚಿಸುವುದು ನನ್ನ ಉದ್ದೇಶವಲ್ಲ. ವಸ್ತುಗಳಿಗೆ ದ್ರವ್ಯರಾಶಿ ಹೇಗೆ ಬಂತು ಎಂಬುದನ್ನು ಅರಿಯುವುದು ಉಪಯೋಗವಿರಲಿ ಇಲ್ಲದಿರಲಿ ಮನುಷ್ಯನಿಗೆ ತಕ್ಕ ಕೆಲಸವೆಂದೇ ನಾನು ನಂಬಿದ್ದೇನೆ. ಅದೇ ಗಟ್ಟಿತನದಿಂದ ಇನ್ನೊಂದನ್ನೂ ಹೇಳುತ್ತೇನೆ. ಯಾದಗಿರಿಗೆ ಲಿನ್ಯಾಕ್ ಬಾರದಿರುವುದಕ್ಕೆ ಜಿನೀವಾಕ್ಕೆ ಹೋದ ಹಣ ಕಾರಣವಲ್ಲ. ಯಂತ್ರವಿದ್ದರೂ ಅಡಚಣೆಯಿಲ್ಲದ ವಿದ್ಯುತ್ತು, ತಂಪು ನೀರು, ಕೆಟ್ಟಾಗ ಅಂದೇ ಬರುವ ಎಂಜಿನಿಯರ್, ಪ್ರತಿ ರೋಗಿಯ ಪ್ರಮಾಣವನ್ನು ಲೆಕ್ಕ ಹಾಕುವ ವೈದ್ಯಕೀಯ ಭೌತವಿಜ್ಞಾನಿ, ಇವರಿಲ್ಲದೆ ಅದು ಬೀಗ ಹಾಕಿದ ಕೋಣೆಯಾಗುತ್ತದೆ. ಮುಂಬಯಿಯ ಸಮೀರ್ ಸಂಸ್ಥೆ ಸ್ವದೇಶಿ ಲಿನ್ಯಾಕನ್ನು ರೂಪಿಸಿದೆ. ಅಂಥವುಗಳನ್ನು ಜಿಲ್ಲೆಗಳಿಗೆ ತರುವ, ನಡೆಸುವ ಇಚ್ಛೆ ಬೇಕಾಗಿದೆ. ಸರ್ಕಾರವನ್ನು ಆ ಪ್ರಶ್ನೆ ಕೇಳಿರಿ, ಮತ್ತೆ ಮತ್ತೆ ಕೇಳಿರಿ.

ಪ್ರಶ್ನೆ: ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಈ ಕ್ಷೇತ್ರದಲ್ಲಿ ಕೆಲಸ ಮಾಡಲು ಏನು ಓದಬೇಕು? ವಿದೇಶಕ್ಕೇ ಹೋಗಬೇಕೆ?
— ವಿದ್ಯಾರ್ಥಿ, ಕಲಬುರಗಿ

ಉತ್ತರ: ಹೋಗಬೇಕಿಲ್ಲ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಇಲ್ಲವೇ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮಾಡಿರಿ. ಸಂಶೋಧನೆಯತ್ತ ಒಲವಿದ್ದರೆ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ತರಬೇತಿ ಶಾಲೆ, ಇಂದೋರಿನ ರಾಜಾ ರಾಮಣ್ಣ ಕೇಂದ್ರ, ಕೊಲ್ಕತ್ತಾದ ಸೈಕ್ಲೋಟ್ರಾನ್ ಕೇಂದ್ರಗಳಿವೆ. ಮೇಲೆ ಹೇಳಿದ ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಲರೇಟರ್ ಸೆಂಟರಂತೂ ಎಲ್ಲ ವಿಶ್ವವಿದ್ಯಾಲಯಗಳ ಸಂಶೋಧಕರಿಗಾಗಿಯೇ ಕಟ್ಟಿದ್ದು. ಪ್ರಸ್ತಾವ ಬರೆದು ಒಪ್ಪಿಗೆಯಾದರೆ ಯಂತ್ರದ ಸಮಯ ಸಿಗುತ್ತದೆ. ನಮ್ಮ ರಾಜ್ಯದ ಮಂಗಳೂರು ವಿಶ್ವವಿದ್ಯಾಲಯದಲ್ಲಿ 80 ಲಕ್ಷ ಎಲೆಕ್ಟ್ರಾನ್ ವೋಲ್ಟಿನ ಮೈಕ್ರೋಟ್ರಾನ್ ಎಂಬ ವೇಗವರ್ಧಕವನ್ನು ಸ್ಥಾಪಿಸಲಾಗಿದೆ. ಆಸ್ಪತ್ರೆಯ ಕಡೆಗೆ ಮನಸ್ಸಿದ್ದರೆ ಎಂ.ಎಸ್ಸಿ. ನಂತರ ರೇಡಿಯಾಲಾಜಿಕಲ್ ಫಿಸಿಕ್ಸ್ ಡಿಪ್ಲೊಮಾ ಮಾಡಿ ವೈದ್ಯಕೀಯ ಭೌತವಿಜ್ಞಾನಿಯಾಗಬಹುದು. ನನ್ನನ್ನು ಕೇಳಿದರೆ, ನಮ್ಮ ಮೂರು ಜಿಲ್ಲೆಗಳಿಗೆ ಸದ್ಯ ಅತ್ಯಂತ ಅಗತ್ಯವಿರುವುದು ಇಂಥವರೇ. ನಿರ್ವಾತ ಪಂಪು, ಶೈತ್ಯ ವ್ಯವಸ್ಥೆ, ಸೂಕ್ಷ್ಮ ವೆಲ್ಡಿಂಗ್ ಬಲ್ಲವರಿಲ್ಲದೆ ಯಾವ ವೇಗವರ್ಧಕವೂ ನಡೆಯದು. ಆದ್ದರಿಂದ ಪರಮಾಣು ಇಂಧನ ಇಲಾಖೆ ಡಿಪ್ಲೊಮಾ, ಬಿ.ಎಸ್ಸಿ. ಮತ್ತು ಐಟಿಐ ಮುಗಿಸಿದವರನ್ನೂ ವೇತನಸಹಿತ ತರಬೇತಿಗೆ ಆಯ್ಕೆ ಮಾಡಿಕೊಳ್ಳುತ್ತದೆ. ಅದರ ಪ್ರಕಟಣೆಗಳನ್ನು ಗಮನಿಸುತ್ತಿರಿ, ನಿಮ್ಮ ಊರಿನ ಐಟಿಐ ಗೆಳೆಯರಿಗೂ ತಿಳಿಸಿರಿ.